ಸಮಪಾಲು ಮಾಡಿದ ಪುಸ್ತಕ

ನಮ್ಮ ಮನೆಯಲ್ಲಿ ಅರ್ಧ ಪುಸ್ತಕವೊಂದಿದೆ. ಹರಿದು ಅರ್ಧವಾದದ್ದಲ್ಲ, ಇಲಿ ತಿಂದದ್ದೂ ಅಲ್ಲ. ಅಳತೆ ಹಿಡಿದು ಕತ್ತರಿಸಿ, ಬೆನ್ನಿಗೆ ನೀಲಿ ಬಟ್ಟೆ ಅಂಟಿಸಿ, ಗಟ್ಟಿ ರಟ್ಟು ಹಾಕಿಸಿದ ಅರ್ಧ. ಶುರುವಿನಲ್ಲಿ ಮುನ್ನುಡಿ ಇದೆ. ಕೊನೆಯ ಪುಟದ ಕೊನೆಗೆ ಒಂದು ಅಲ್ಪವಿರಾಮ ಇದೆ. ಅಲ್ಲಿಂದ ಮುಂದೆ ರಟ್ಟು. ಈ ಸಲದ ದಸರೆಗೆ ಜಮಖಂಡಿಯ ನಮ್ಮ ಮನೆಯ ಕಪಾಟುಗಳನ್ನೆಲ್ಲ ಒರೆಸುವಾಗ ಸೊಸೆ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುವಿದಳು. ಉಳಿದ ಅರ್ಧ ಎಲ್ಲಿದೆ ಎಂದು ಕೇಳಿದಳು. ಮುಧೋಳದಲ್ಲಿದೆ ಅಂದೆ. ನಿವೃತ್ತಳಾದ ಅತ್ತೆಯ ತಲೆ ಇಷ್ಟು ಬೇಗ ಕೈಕೊಟ್ಟಿತೇ ಎಂಬಂತೆ ನನ್ನನ್ನು ನೋಡಿ, ಪುಸ್ತಕವನ್ನು ಇದ್ದಲ್ಲೇ ಇಟ್ಟು ಮುಂದಿನ ಕಪಾಟಿಗೆ ಹೋದಳು.

ಆಕೆಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ. ಅದು ವಿಜ್ಞಾನದ ಲೆಕ್ಕಗಳಿಗಾಗಿ ಕಂಪ್ಯೂಟರ್ ಪ್ರೋಗ್ರಾಮು ಬರೆಯುವುದನ್ನು ಕಲಿಸುವ ಇಂಗ್ಲಿಷ್ ಪಠ್ಯಪುಸ್ತಕ. ನಾನು ಊರೂರು ತಿರುಗಿ ಭೌತಶಾಸ್ತ್ರ ಕಲಿಸಿದವಳು. ಐವತ್ತು ದಾಟಿದ ಮೇಲೆ, ಕನ್ನಡಕದ ನಂಬರು ಏರಿದ ಮೇಲೆ, ಈ ಪುಸ್ತಕದ ಮುಂದೆ ಹೊಸದಾಗಿ ಅಕ್ಷರಾಭ್ಯಾಸಕ್ಕೆ ಕೂತೆ.

ಹೊಸದಾಗಿ ಎಂದರೆ ಪೂರ್ತಿ ಖರೆಯಲ್ಲ. ನಾನು ಎಂ.ಎಸ್ಸಿ ಮಾಡುವ ಕಾಲಕ್ಕೆ ಕಂಪ್ಯೂಟರಿನ ಒಂದು ಪೇಪರು ಇತ್ತು, ಕಂಪ್ಯೂಟರು ಮಾತ್ರ ಇರಲಿಲ್ಲ. ಇದ್ದ ಒಂದು ಪೆಟ್ಟಿಗೆ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಮುಸುಕು ಹೊದ್ದು ಕೂತಿತ್ತು. ನಾವು ಪ್ರೋಗ್ರಾಮುಗಳನ್ನು ಹಾಳೆಯ ಮೇಲೆ ಬರೆದು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿದೆವು. ನಾನು ಬರೆದದ್ದು ಓಡುತ್ತದೋ ಇಲ್ಲವೋ ಯಾರೂ ನೋಡಲಿಲ್ಲ. ಅಕ್ಷರ ದುಂಡಗಿತ್ತು, ಅಂಕ ಬಂತು. ಈಜುವುದನ್ನು ದಂಡೆಯ ಮೇಲೆ ಕಲಿತು ಪಾಸಾದವಳು ನಾನು. ಆಮೇಲೆ ಎಷ್ಟೋ ವರ್ಷ ನೀರಿನ ಹತ್ತಿರ ಹೋಗದೆ ಕಾಲ ಕಳೆದೆ.

ನನ್ನನ್ನು ನೀರಿಗೆ ಇಳಿಸಿದವಳು ಗಿರಿಜಾ. ನಾನಾಗ ಬನಹಟ್ಟಿಯ ಕಾಲೇಜಿನಲ್ಲಿದ್ದೆ. ಆಕೆ ಅಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಅತಿಥಿ ಎಂಬುದು ಹೆಸರಿಗೆ ಬಹಳ ಚೆಂದ. ಆದರೆ ಪ್ರತಿ ವರ್ಷ ಬೇಸಿಗೆ ಬಂತೆಂದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತ ಕೂಡಬೇಕಾದ ಅತಿಥಿ. ಪಿಎಚ್.ಡಿ ಆದರೆ ಕಾಯಂ ನೌಕರಿಯ ಬಾಗಿಲು ಒಂದಿಷ್ಟು ತೆರೆಯುತ್ತದೆ ಎಂದು ಆಕೆ ಹೆಸರು ನೋಂದಾಯಿಸಿದ್ದಳು. ಮುಧೋಳದ ಹತ್ತಿರ ಆಕೆಯ ಮಾವನವರದು ಕಬ್ಬು, ಗಾಣ, ಬೆಲ್ಲದ ವ್ಯವಹಾರ. ಕಾಯಿಸಿದ ಪಾಕವನ್ನು ಅಚ್ಚಿಗೆ ಸುರಿದ ಮೇಲೆ ಬೆಲ್ಲದ ಪೆಂಟಿ, ಎಂದರೆ ಆ ದೊಡ್ಡ ಉಂಡೆ, ಹೊರಗಿನಿಂದ ಒಳಗೆ ಹೇಗೆ ಆರುತ್ತದೆ ಎಂಬುದೇ ಆಕೆಯ ಸಂಶೋಧನೆಯ ವಿಷಯ. ಹೊರಗೆ ಗಟ್ಟಿಯಾಗಿ ಕಾಣುವ ಪೆಂಟಿ ಎಷ್ಟೋ ಸಲ ಒಳಗೆ ಮೆತ್ತಗೇ ಉಳಿದು ಮಳೆಗಾಲಕ್ಕೆ ಜಿನುಗುತ್ತದೆ. ಯಾಕೆ ಅಂತ ಲೆಕ್ಕ ಹಾಕಿ ತೋರಿಸಬೇಕು ಎಂದು ಆಕೆಯ ಹಟ. ಮನೆಯವರು ಒಪ್ಪಿದ್ದು ಒಂದೇ ಮಾತಿಗೆ. ನೋಡೋಣ, ಒಂದೆರಡು ವರ್ಷ ಮಾಡು, ಮುಂದುವರಿಯುತ್ತದೋ ಇಲ್ಲವೋ ನಿಮ್ಮ ದೊಡ್ಡವರೇ ಹೇಳುತ್ತಾರಲ್ಲ ಅಂದಿದ್ದರಂತೆ.

ಆಕೆಯ ಗೈಡ್ ಈ ಲೆಕ್ಕ ಕೈಯಿಂದ ಆಗುವಂಥದ್ದಲ್ಲ, ಪ್ರೋಗ್ರಾಮು ಕಲಿ ಎಂದು ಈ ಪುಸ್ತಕದ ಹೆಸರು ಹೇಳಿದರು. ಪುಸ್ತಕ ಬಂತು. ಇಟ್ಟಂಗಿಯಷ್ಟು ದಪ್ಪ. ಆಕೆ ಅದನ್ನು ಮೇಜಿನ ಮೇಲಿಟ್ಟು, ಅಕ್ಕಾ, ನೀವೂ ಓದ್ರಿ, ಒಬ್ಬಾಕಿನ ಓದಿದರ ನನಗ ತಿಳಿಯೂದಿಲ್ಲ ಅಂದಳು. ನನಗೂ ಒಳಗೊಳಗೆ ಆಸೆ ಇತ್ತು. ಆ ದಿನದಿಂದ ಒಂದು ಪುಸ್ತಕಕ್ಕೆ ಇಬ್ಬರು ಗಿರಾಕಿಗಳು.

ಇಬ್ಬರಿಗೂ ಓದಲು ಸಿಗುತ್ತಿದ್ದದ್ದು ಬಸ್ಸಿನ ಹೊತ್ತು ಮಾತ್ರ. ಆಕೆ ಮುಧೋಳದಿಂದ ಮಹಾಲಿಂಗಪುರದ ಮೇಲೆ ಬರಬೇಕು, ನಾನು ಜಮಖಂಡಿಯಿಂದ. ಮನೆಗೆ ಹೋದ ಮೇಲೆ ಒಲೆ, ಪಾತ್ರೆ, ಬಂದವರು, ಹೋದವರು. ಈ ವಾರ ನೀ ಒಯ್ಯಿ, ಮುಂದಿನ ವಾರ ನಾ ಒಯ್ತೀನಿ ಎಂದು ಪಾಳಿ ಮಾಡಿ ನೋಡಿದೆವು. ನನ್ನ ಪಾಳಿ ಬರುವಷ್ಟರಲ್ಲಿ ಕಲಿತದ್ದು ಮರೆತು ಹೋಗುತ್ತಿತ್ತು. ಅದೂ ಅಲ್ಲದೆ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಆ ಇಟ್ಟಂಗಿ ಹಿಡಿದು ನಿಂತರೆ ರಟ್ಟೆ ಬೀಳುತ್ತಿತ್ತು. ಒಮ್ಮೆ ಬಸ್ಸು ಬ್ರೇಕು ಹಾಕಿದಾಗ ಪುಸ್ತಕ ಎದುರಿಗೆ ಕೂತ ಹಿರಿಯರ ಪಟಗದ ಮೇಲೆ ಬಿತ್ತು. ಅವರು ತಲೆ ಸವರಿಕೊಂಡು, ಭಾಳ ಓದೀರಿ ಬಿಡ್ರಿ ಬಾಯಾರ ಅಂದರು.

ಝೆರಾಕ್ಸ್ ಮಾಡಿಸಬಹುದಿತ್ತಲ್ಲ ಅನ್ನುತ್ತೀರಿ. ಬನಹಟ್ಟಿಯ ಝೆರಾಕ್ಸ್ ಅಂಗಡಿಯವನು ಪುಸ್ತಕದ ದಪ್ಪ ನೋಡಿ ಸೋಮವಾರ ಬರ್ರಿ ಅಂದ. ಆ ಸೋಮವಾರ ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಓದಬಹುದಿತ್ತಲ್ಲ ಅನ್ನುತ್ತೀರಿ. ಬಸ್ಸಿನ ಕುಲುಕಾಟದಲ್ಲಿ ಸಾಸಿವೆಯಂಥ ಅಕ್ಷರ ಓದುವ ಕಣ್ಣು ನಿಮಗಿದ್ದರೆ ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ. ಹೀಗಾಗಿ ನಾನೇ ಒಂದು ದಿನ ಹೇಳಿಬಿಟ್ಟೆ, ವಾಟಣಿ ಮಾಡೋಣ.

ವಾಟಣಿ ಎಂದರೆ ಪಾಲು. ಅದು ನನಗೆ ರಕ್ತದಲ್ಲೇ ಬಂದದ್ದು. ನನ್ನ ತವರು ರಬಕವಿ. ನಮ್ಮ ಅಜ್ಜ ಮತ್ತು ಅವರ ತಮ್ಮ ಬೇರೆಯಾದಾಗ ಹೊಲ, ಮನೆ, ತೊಲೆ, ಕೊಡ, ಸಟ್ಟುಗವನ್ನೂ ಬಿಡದೆ ಸಮಪಾಲು ಮಾಡಿದ್ದರು. ಬೀಸುಕಲ್ಲು ಒಂದೇ ಇತ್ತು. ಮೇಲಿನ ಕಲ್ಲು ಅಜ್ಜನ ಮನೆಗೆ ಬಂತು, ಕೆಳಗಿನದು ಅವರ ತಮ್ಮನ ಮನೆಗೆ ಹೋಯಿತು. ಬೀಸಬೇಕಾದಾಗ ನಮ್ಮಜ್ಜಿ ಮೇಲಿನ ಕಲ್ಲನ್ನು ಸೆರಗಿನಲ್ಲಿ ಹೊತ್ತು ಆಚೆ ಮನೆಗೆ ಹೋಗಬೇಕು. ಅಲ್ಲಿ ಇಬ್ಬರೂ ಕೂತು ಬೀಸುತ್ತ ಗಂಡಂದಿರನ್ನು ಬೈಯುತ್ತ ಹಾಡುತ್ತಿದ್ದರು. ಹಿಟ್ಟಿನ ಗಿರಣಿ ಬಂದ ಮೇಲೆ ಆ ಹೋಗಿಬರುವುದೂ ನಿಂತಿತು, ಮಾತೂ ನಿಂತಿತು ಎಂದು ಅಜ್ಜಿ ಪೇಚಾಡುತ್ತಿದ್ದಳು. ಚಿಕ್ಕವಳಾದ ನನಗೆ ಅದರಲ್ಲಿ ಪೇಚಾಡುವಂಥದ್ದು ಏನಿದೆ ಎಂದು ತಿಳಿದಿರಲಿಲ್ಲ.

ನಮ್ಮ ಕಡೆಯ ವಾಟಣಿಗೆ ಒಂದು ಕಾನೂನು ಇದೆ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಆರಿಸಿಕೊಳ್ಳಬೇಕು. ಆಗ ಪಾಲಿನಲ್ಲಿ ಮೋಸ ಇರುವುದಿಲ್ಲ. ಹಿರಿಯಳು ನಾನು, ಆದ್ದರಿಂದ ಎಲ್ಲಿ ಕತ್ತರಿಸಬೇಕು ಎನ್ನುವುದು ನನ್ನ ಜವಾಬ್ದಾರಿ. ಮದುವೆಯ ಆಮಂತ್ರಣ ಪತ್ರಿಕೆ ಮುದ್ರಿಸುವ ಒಂದು ಪ್ರೆಸ್ಸಿನಲ್ಲಿ ಹಾಳೆ ಕತ್ತರಿಸುವ ದೊಡ್ಡ ಅಲಗಿತ್ತು. ಅಲ್ಲಿಗೆ ಹೋದೆವು. ಪ್ರೆಸ್ಸಿನ ಮುದುಕರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನಮ್ಮಿಬ್ಬರ ಮುಖ ನೋಡಿದರು.

"ಅಕ್ಕಾರ, ನಿಮ್ಮಿಬ್ಬರ ನಡುವ ಏನರೆ ಜಗಳ ಆಗೇತೇನ್ರಿ?"

"ಇಲ್ರಿ ಕಾಕಾ, ಜಗಳ ಆಗಬಾರದಂತ ಕೊಯ್ಸಾಕತ್ತೇವಿ" ಎಂದಳು ಗಿರಿಜಾ.

ಪುಸ್ತಕದ ನಟ್ಟನಡುವೆ ಒಂದು ಅಧ್ಯಾಯ ಅಡ್ಡ ಬಂದಿತ್ತು. ಅದು ಮುಗಿದ ಮೇಲೆ ಕತ್ತರಿಸೋಣ, ಪಾಠ ಪೂರ್ತಿ ಒಂದೇ ಕಡೆ ಇರಲಿ ಎಂದು ಗಿರಿಜಾ ಹೇಳಿದಳು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮೊದಲ ಭಾಗ ಒಂದು ಬೆರಳು ದಪ್ಪವಾಗುತ್ತದೆ. ಪಾಲು ಅಂದ ಮೇಲೆ ಸಮಪಾಲು. ನಾಳೆ ಯಾರ ಬಾಯಲ್ಲೂ ಹಿರಿಯಳು ಮೋಸ ಮಾಡಿದಳು ಎಂದು ಬರಬಾರದು. ಎರಡೂ ಕಡೆ ಅಳತೆಪಟ್ಟಿ ಹಚ್ಚಿ ಅಳೆದು ಸರಿಯಾಗಿ ನಡುವೆ ಬೆರಳಿಟ್ಟು ತೋರಿಸಿದೆ. ಅಲಗು ಬಿತ್ತು. ಒಂದು ವಾಕ್ಯದ ಅರ್ಧ ನನ್ನ ಕಡೆ ಉಳಿಯಿತು, ಇನ್ನರ್ಧ ಆಚೆ ಹೋಯಿತು. ಕಿರಿಯಳು ಎರಡನೆಯ ಭಾಗ ಆರಿಸಿಕೊಂಡಳು. ಅದರಲ್ಲಿ ಬಣ್ಣದ ಗ್ರಾಫುಗಳಿದ್ದವು, ಆಕೆಗೆ ಬೇಕಾದ ಶಾಖದ ಲೆಕ್ಕಗಳಿದ್ದವು. ನನಗೆ ಅ ಆ ಇ ಈ ಉಳಿಯಿತು. ನಿನ್ನದನ್ನು ನೀನು ನನಗೆ ಕಲಿಸು, ನನ್ನದನ್ನು ನಾನು ನಿನಗೆ ಕಲಿಸುತ್ತೇನೆ ಎಂದು ಒಪ್ಪಂದವಾಯಿತು.

ಹೊಲ ಪಾಲಾದರೆ ನಡುವಿನ ಬದು ಯಾರದೂ ಅಲ್ಲದೆ ಉಳಿಯುತ್ತದೆ ನೋಡಿ. ಈಚೆಯವನೂ ಉಳುವುದಿಲ್ಲ, ಆಚೆಯವನೂ ಉಳುವುದಿಲ್ಲ. ರೈತರ ಮನೆಯಲ್ಲಿ ಹುಟ್ಟಿದ ನನಗೆ ಅದು ಅವತ್ತು ನೆನಪಾಗಬೇಕಿತ್ತು.

ನನ್ನ ಅರ್ಧದ ಮೊದಲ ಲೆಕ್ಕ ಒಂದು ಬಟ್ಟಲು ಕಾಫಿ ಆರುವುದರ ಬಗ್ಗೆ ಇತ್ತು. ನಮ್ಮ ಕಡೆ ಕಾಫಿ ಎಂದರೆ ಜ್ವರ ಬಂದವರಿಗೆ ಕೊಡುವ ವಸ್ತು. ಚಹಾಕ್ಕೆ ಬದಲಾಯಿಸಿಕೊಂಡೆ. ಪುಸ್ತಕದಲ್ಲಿ ಹೇಳಿದಂತೆ ಪ್ರೋಗ್ರಾಮು ಬರೆದು, ಆಮೇಲೆ ಖರೆ ಚಹಾದಲ್ಲಿ ಪ್ರಯೋಗಶಾಲೆಯ ತರ್ಮಾಮೀಟರು ಅದ್ದಿ ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ. ಎಲ್ಲಿ ತಪ್ಪಿತು ಎಂದು ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಗಿರಿಜಾ ನಕ್ಕು ನನ್ನ ಕೈ ತೋರಿಸಿದಳು. ನಾನು ಮಾತಾಡುತ್ತ ಮಾತಾಡುತ್ತ ಚಹಾವನ್ನು ಬಶಿಗೆ, ಎಂದರೆ ಬಟ್ಟಲಿನ ಕೆಳಗಿನ ತಟ್ಟೆಗೆ ಬಗ್ಗಿಸಿ, ಅದರಲ್ಲಿ ತರ್ಮಾಮೀಟರು ಇಟ್ಟುಕೊಂಡು ಕೂತಿದ್ದೆ. ಪುಸ್ತಕ ಬರೆದವರಿಗೆ ಬಶಿ ಗೊತ್ತಿರಲಿಲ್ಲ, ನನಗೆ ಬಶಿ ಬಿಟ್ಟು ಕುಡಿದು ಗೊತ್ತಿರಲಿಲ್ಲ.

ಪುಸ್ತಕ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿತು. ಸಾಲಿನಲ್ಲಿ ಮೊದಲನೆಯದಕ್ಕೆ ಸೊನ್ನೆಯ ನಂಬರು. ಇದು ನನಗೆ ಬಹಳ ದಿನ ಒಗ್ಗಲಿಲ್ಲ. ಗಿರಿಜಾ ಮಾತ್ರ ಒಂದೇ ಮಾತಿನಲ್ಲಿ ಒಗ್ಗಿಸಿದಳು. ಜೋಳ ಅಳೆಯುವಾಗ ಮೊದಲನೇ ಸೇರಿಗೆ ಒಂದು ಅನ್ನದೆ ಲಾಭ ಅನ್ನುತ್ತೇವಲ್ಲ, ಹಾಗೆ ಅಂತ ತಿಳೀರಿ ಅಂದಳು. ನನ್ನ ಅಪ್ಪ ಕಣದಲ್ಲಿ ಕುಕ್ಕುರುಗಾಲಲ್ಲಿ ಕೂತು ಲಾಭ ಎಂದು ರಾಗವಾಗಿ ಎಳೆದು, ಆಮೇಲೆ ಎರಡು, ಮೂರು ಎಂದು ಅಳೆಯುತ್ತಿದ್ದ ಧ್ವನಿ ಕಿವಿಗೆ ಬಂತು. ಅಳತೆ ಮುಗಿಯುವವರೆಗೆ ಯಾರೂ ಅವರನ್ನು ಮಾತಾಡಿಸಬಾರದು. ಮಾತಾಡಿಸಿದವಳು ಹೆಚ್ಚಾಗಿ ನಾನೇ, ಬೈಸಿಕೊಂಡವಳೂ ನಾನೇ. ಅವತ್ತಿನಿಂದ ನನ್ನ ಪ್ರೋಗ್ರಾಮಿನ ಸೊನ್ನೆಗಳೆಲ್ಲ ಲಾಭವಾದವು.

ಮಧ್ಯಾಹ್ನ ಪ್ರಯೋಗಶಾಲೆ ಖಾಲಿ ಇರುವ ಹೊತ್ತಿಗೆ ನಮ್ಮ ಪಾಠ ನಡೆಯುತ್ತಿತ್ತು. ಕಿಟಕಿಯಾಚೆ ಮಗ್ಗಗಳ ಖಟಪಟ. ಮೊದಲೆರಡು ತಿಂಗಳು ನಾವಿಬ್ಬರೂ ಕೂಡಿ ಬರೆದ ಯಾವುದೂ ಓಡಲಿಲ್ಲ. ಸಾಲುಗಳನ್ನು ಒಳಗೆ ಸರಿಸಿ ಬರೆಯಲು ಒಂದು ಕೀಲಿ ಒತ್ತಬೇಕೆಂದು ನನ್ನ ಕೈಗೆ ರೂಢಿಯಾಗಿತ್ತು, ಬೇರೆ ಕೀಲಿ ನಾಲ್ಕು ಸಲ ಒತ್ತಬೇಕೆಂದು ಆಕೆಯ ಕೈಗೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಸಹಿಸಲಾರದ ಭೇದ. ಬೀಗರಿಬ್ಬರು ಒಂದೇ ಪಂಕ್ತಿಯಲ್ಲಿ ಉಣ್ಣಲು ಒಪ್ಪದಂತೆ ನನ್ನ ಸಾಲುಗಳೂ ಆಕೆಯ ಸಾಲುಗಳೂ ಒಂದೇ ಪ್ರೋಗ್ರಾಮಿನಲ್ಲಿ ಕೂಡಲು ಒಪ್ಪಲಿಲ್ಲ. ಅದನ್ನು ಕಂಡುಹಿಡಿದ ದಿನ ನಾವು ನಕ್ಕ ನಗೆಗೆ ಪಕ್ಕದ ಕೋಣೆಯ ಕನ್ನಡ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಈಗ ಲೆಕ್ಕ ಹಾಕಿದರೆ, ನನ್ನ ನೌಕರಿಯಲ್ಲಿ ನಾನು ಖುಷಿಯಾಗಿದ್ದ ದಿನಗಳು ಅವೇ ಅನ್ನಿಸುತ್ತದೆ. ಆಗ ಅದು ಗೊತ್ತಿರಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ರವಿವಾರ ಆಕೆಯ ಮಾವನವರ ಗಾಣಕ್ಕೆ ಹೋಗಿ ಬಿಸಿ ಪೆಂಟಿಗೆ ತರ್ಮಾಮೀಟರು ಚುಚ್ಚಿ ಕೂಡುತ್ತಿದ್ದೆವು. ಕೊಪ್ಪರಿಗೆಯ ಹತ್ತಿರ ನಿಂತ ಆಳುಗಳು, ಬೆಲ್ಲಕ್ಕ ಜ್ವರ ಬಂದೇತೇನ್ರಿ ಬಾಯಾರ ಎಂದು ಕಾಡುತ್ತಿದ್ದರು. ನಾವು ಅಂಕಿ ಬರೆದುಕೊಂಡು, ಪೆಂಟಿ ತಿಂದು, ಕಬ್ಬಿನ ಹಾಲು ಕುಡಿದು, ಹೊಟ್ಟೆ ಕೆಡಿಸಿಕೊಂಡು ಬರುತ್ತಿದ್ದೆವು. ಕಂಪ್ಯೂಟರಿನಲ್ಲಿ ಪೆಂಟಿಯನ್ನು ಉಳ್ಳಾಗಡ್ಡಿಯಂತೆ ಪದರ ಪದರ ಮಾಡಿದೆವು. ಪ್ರತಿ ಹೆಜ್ಜೆಗೆ, ಎಂದರೆ ಇಷ್ಟಿಷ್ಟು ಹೊತ್ತಿಗೊಮ್ಮೆ, ಒಳಗಿನ ಪದರದಿಂದ ಹೊರಗಿನದಕ್ಕೆ ಎಷ್ಟು ಬಿಸಿ ದಾಟುತ್ತದೆ ಎಂದು ಅದು ಲೆಕ್ಕ ಹಾಕಬೇಕು. ಪದರಗಳ ಎಣಿಕೆ ನನ್ನ ಅರ್ಧದಿಂದ, ಬಿಸಿಯ ಸೂತ್ರ ಮತ್ತು ಗ್ರಾಫು ಆಕೆಯ ಅರ್ಧದಿಂದ. ಗೆರೆ ನಯವಾಗಿ ಇಳಿಯಿತು, ತರ್ಮಾಮೀಟರಿನ ಅಂಕಿಗಳ ಹತ್ತಿರ ಹತ್ತಿರವೇ ಹೋಯಿತು. ಗಿರಿಜಾ ಅದನ್ನು ಮನೆಗೆ ಒಯ್ದು ಮಾವನವರಿಗೆ ತೋರಿಸಿದಳು.

ಆಮೇಲೆ ಬಂತು ವಿಶ್ವವಿದ್ಯಾಲಯದ ಪ್ರಗತಿ ಪರಿಶೀಲನೆ. ಮನೆಯವರು ದೊಡ್ಡವರು ಹೇಳುತ್ತಾರಲ್ಲ ಎಂದಿದ್ದರಲ್ಲ, ಆ ದೊಡ್ಡವರು ಇವರೇ. ಹೋಗುವ ಹಿಂದಿನ ವಾರ ಗೈಡ್ ಗ್ರಾಫು ನೋಡಿ, ಪದರ ಬಹಳ ದಪ್ಪ ಆಯಿತು, ಇನ್ನೂ ತೆಳುವು ಮಾಡಿದರೆ ಇನ್ನೂ ನಿಖರ ಬರುತ್ತದೆ ಅಂದರು. ನಾವು ಪದರಗಳನ್ನು ತೆಳುವು ಮಾಡಿದೆವು. ಹೆಜ್ಜೆಯನ್ನು ಇದ್ದಷ್ಟೇ ಬಿಟ್ಟೆವು. ಒಮ್ಮೆ ಓಡಿಸಿ ನೋಡಲು ಪುರುಸೊತ್ತು ಆಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ಆಕೆಯ ಮನೆಯಲ್ಲಿ ಸೀಮಂತ. ವಿಶ್ವವಿದ್ಯಾಲಯದಲ್ಲೇ, ಎಲ್ಲರೆದುರು, ಪರದೆಯ ಮೇಲೆ ಮೊದಲ ಸಲ ಓಡಿಸಿದಳು.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಗೆರೆ ಒಂದಿಷ್ಟು ನೆಟ್ಟಗೆ ಇಳಿಯಿತು. ಆಮೇಲೆ ಸಣ್ಣಗೆ ನಡುಗಿತು. ಆಮೇಲೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ, ಮೇಲೆ ಕೆಳಗೆ ಹಾರುತ್ತ ಪರದೆ ದಾಟಿ ಹೋಯಿತು. ಪರೀಕ್ಷಕರಲ್ಲಿ ಹಿರಿಯರೊಬ್ಬರು ಕನ್ನಡಕ ಏರಿಸಿ, ಇಷ್ಟು ಹೊತ್ತಿನಲ್ಲಿ ನಿಮ್ಮ ಬೆಲ್ಲ ಮಂಜಿಗಿಂತ ತಣ್ಣಗಾಗಿ ಮತ್ತೆ ಸೂರ್ಯನಿಗಿಂತ ಬಿಸಿಯಾಯಿತಲ್ಲ ತಾಯಿ, ಯಾವ ಊರಿನ ಬೆಲ್ಲ ಎಂದು ಕೇಳಿದರು. ಕೋಣೆ ನಕ್ಕಿತು. ಗಿರಿಜಾಳೂ ನಕ್ಕಳು. ಹೆಜ್ಜೆಯನ್ನು ಸಣ್ಣದು ಮಾಡಿ ನೋಡಿದ್ದೀರಾ ಎಂದು ಇನ್ನೊಬ್ಬರು ಕೇಳಿದರು. ಆಕೆ ತಿರುಗಿ ನನ್ನನ್ನು ನೋಡಿದಳು, ನಾನು ಆಕೆಯನ್ನು ನೋಡಿದೆ. ಹೆಜ್ಜೆ ಎಷ್ಟಿರಬೇಕೆಂಬ ಪಾಠ ನಿನ್ನ ಅರ್ಧದಲ್ಲಿದೆ ಎಂದು ನಾನು ತಿಳಿದಿದ್ದೆ. ನಿಮ್ಮ ಅರ್ಧದಲ್ಲಿದೆ ಎಂದು ಆಕೆ ತಿಳಿದಿದ್ದಳು. ನಾನು ಪಾಠ ಅರ್ಧಕ್ಕೆ ನಿಲ್ಲುತ್ತದಲ್ಲ, ಆಕೆಯೇ ಓದಿಕೊಳ್ಳುತ್ತಾಳೆ ಎಂದು ಕೊನೆಯ ಪುಟಗಳನ್ನು ಬಿಟ್ಟಿದ್ದೆ. ಆಕೆ ತಲೆಬುಡ ಇಲ್ಲದೆ ಶುರುವಾಗುತ್ತದಲ್ಲ, ಇದು ಅಕ್ಕನ ಪಾಠದ ಬಾಲ ಎಂದು ಮೊದಲ ಪುಟಗಳನ್ನು ದಾಟಿದ್ದಳು.

ಪರೀಕ್ಷಕರು ಕೆಟ್ಟವರೇನಲ್ಲ. ಸರಿಮಾಡಿಕೊಂಡು ಆರು ತಿಂಗಳು ಬಿಟ್ಟು ಬಾರಮ್ಮ ಎಂದು ಹೇಳಿ ಕಳಿಸಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಗಿರಿಜಾ ಆ ಪರೀಕ್ಷಕರ ಮಾತನ್ನೇ ಅನುಕರಿಸಿ ತೋರಿಸಿ ನನ್ನನ್ನು ನಗಿಸಿದಳು. ಆಕೆ ಅದನ್ನು ಹಗುರಾಗಿ ತೆಗೆದುಕೊಂಡಳು ಎಂದುಕೊಂಡೆ. ಜನರ ಮುಂದೆ ನಗುವವರನ್ನು ನಂಬುವ ದಡ್ಡತನ ನನಗೆ ಮೊದಲಿನಿಂದಲೂ ಇದೆ.

ಅದೇ ತಿಂಗಳು ನನಗೆ ಬೀಳಗಿಗೆ ವರ್ಗವಾಯಿತು. ಬೀಳಗಿಯ ಬಸ್ಸು ಜಮಖಂಡಿಯಿಂದ ಬೇರೆ ದಿಕ್ಕಿಗೆ ಹೋಗುತ್ತದೆ. ನನ್ನ ಅರ್ಧ ಪುಸ್ತಕ ನನ್ನ ಚೀಲದಲ್ಲಿತ್ತು, ಆಕೆಯದು ಆಕೆಯ ಚೀಲದಲ್ಲಿ. ಅವಸರದಲ್ಲಿ ಕೊಟ್ಟು ತೆಗೆದುಕೊಳ್ಳುವುದು ಆಗಲಿಲ್ಲ. ಆಮೇಲೆ ಹೊಸ ಕಾಲೇಜು, ಮಗನ ಮದುವೆ, ಅತ್ತೆಯ ಕಾಯಿಲೆ. ಫೋನ್ ಮಾಡೋಣ ಅನ್ನಿಸುತ್ತಿತ್ತು. ಪಾಪ, ಸೋತು ಬಂದಿದ್ದಾಳೆ, ನಾನಾಗಿ ಕೇಳಿದರೆ ಚುಚ್ಚಿದಂತಾಗುತ್ತದೆ, ಸರಿಯಾದಾಗ ಆಕೆಯೇ ಮಾಡುತ್ತಾಳೆ ಎಂದು ಸುಮ್ಮನಾಗುತ್ತಿದ್ದೆ. ಆರು ತಿಂಗಳು ಕಳೆದವು. ಆಕೆ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲವಂತೆ ಎಂದು ಯಾರೋ ಹೇಳಿದರು. ಮರುವರ್ಷ ಕಾಲೇಜಿನಲ್ಲಿ ಆಕೆಯನ್ನು ಕರೆಯಲಿಲ್ಲವಂತೆ ಎಂದು ಇನ್ಯಾರೋ ಹೇಳಿದರು. ಆಮೇಲೆ ಹೇಳುವವರೂ ಇಲ್ಲವಾದರು. ಅಷ್ಟು ಹತ್ತಿರವಿದ್ದವರು ಹೀಗೆ ಸದ್ದಿಲ್ಲದೆ ದೂರವಾಗಬಹುದು ಎಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ದಸರೆಯ ಆ ದಿನ ಸೊಸೆ ಪುಸ್ತಕವನ್ನು ಇದ್ದಲ್ಲೇ ಇಟ್ಟು ಹೋದಳಲ್ಲ, ನಾನು ಅದನ್ನು ತೆಗೆದುಕೊಂಡು ಜೋಕಾಲಿಯ ಮೇಲೆ ಕೂತೆ. ಎಂದೂ ಓದದ ಕೊನೆಯ ಪುಟಗಳನ್ನು ಮೊದಲ ಸಲ ಓದಿದೆ. ನಿಧಾನವಾಗಿ, ಬೆರಳಿಟ್ಟು. ಒಂದು ಹೆಜ್ಜೆಯಲ್ಲಿ ಪದರದಲ್ಲಿ ಇರುವುದಕ್ಕಿಂತ ಹೆಚ್ಚು ಬಿಸಿಯನ್ನು ಲೆಕ್ಕ ಹೊರಗೆ ಸುರಿಯಬಾರದು ಎಂದಿತ್ತು. ಕೊಡದಲ್ಲಿ ಇದ್ದ ನೀರಿಗಿಂತ ಹೆಚ್ಚು ನೀರು ಬಗ್ಗಿಸಲು ಹೋದಂತೆ ಅದು. ಕಂಪ್ಯೂಟರು ಬಡಪಾಯಿ, ಹೇಳಿದ್ದನ್ನು ಮಾಡುತ್ತದೆ; ಇಲ್ಲದ ನೀರನ್ನೂ ಬಗ್ಗಿಸುತ್ತದೆ. ಕೊನೆಯ ಸಾಲು ಹೀಗಿತ್ತು: ಪದರಗಳನ್ನು ತೆಳುವು ಮಾಡುತ್ತ ಹೋದಂತೆ, ಅಲ್ಪವಿರಾಮ. ಮುಂದಿನದನ್ನು ಊಹಿಸಲು ಪಂಡಿತರು ಬೇಕಾಗಿರಲಿಲ್ಲ. ಹೆಜ್ಜೆಯನ್ನೂ ಸಣ್ಣದು ಮಾಡಬೇಕು.

ಹಳೆಯ ಪ್ರೋಗ್ರಾಮು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ತೆರೆದೆ. ಅರ್ಧ ಸಾಲು ನನ್ನ ಪದ್ಧತಿ, ಅರ್ಧ ಸಾಲು ಆಕೆಯ ಪದ್ಧತಿ, ಜಗಳ ಬಿಡಿಸಿ ಕೂಡಿಸಿದ್ದು. ಅದರಲ್ಲಿ ಒಂದೇ ಒಂದು ಅಂಕಿ ತಿದ್ದಿ ಓಡಿಸಿದೆ. ಒಂದಿಷ್ಟು ಹೊತ್ತು ತೆಗೆದುಕೊಂಡಿತು. ಗೆರೆ ಮೇಲಿನಿಂದ ಹೊರಟು ನಯವಾಗಿ, ನೆಮ್ಮದಿಯಾಗಿ ಇಳಿಯುತ್ತ, ನಾವು ಗಾಣದಲ್ಲಿ ಕೂತು ಬರೆದುಕೊಂಡ ಅಂಕಿಗಳ ಮೇಲೆಯೇ ಹಾದು ಹೋಯಿತು. ಎಲ್ಲವೂ ಸರಿ ಇತ್ತು. ಆಕೆಯ ಸೂತ್ರ ಸರಿ ಇತ್ತು, ನನ್ನ ಎಣಿಕೆ ಸರಿ ಇತ್ತು, ಬೆಲ್ಲ ಸರಿ ಇತ್ತು. ಮೊದಲು ಜೋರಾಗಿ ನಕ್ಕೆ. ಆಮೇಲೆ ತಿದ್ದಿದ ಆ ಸಾಲನ್ನು ಮತ್ತೆ ತೆರೆದು ನೋಡಿದೆ. ಒಂದು ಅಂಕಿ. ಒಬ್ಬ ಹುಡುಗಿಯ ಓದು ನಿಂತದ್ದು ಒಂದು ಅಂಕಿಯಿಂದ.

ಹೇಳಬೇಕೋ ಬೇಡವೋ ಎಂದು ವಾರಗಟ್ಟಲೆ ತಿಣುಕಾಡಿದೆ. ಈಗ ಹೇಳಿ ಆಗುವುದೇನು, ಮಾಯ್ದ ಗಾಯ ಕೆರೆದಂತೆ ಎಂದು ನಮ್ಮ ಮನೆಯವರು ಅಂದರು. ಆದರೆ ತನ್ನ ಲೆಕ್ಕ ತಪ್ಪಿತ್ತು ಎಂದು ಆಕೆ ಇನ್ನೂ ನಂಬಿಕೊಂಡಿದ್ದರೆ? ಅದು ತಡೆಯಲಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಮುಧೋಳದ ಬಸ್ಸು ಹತ್ತಿದೆ.

ಗಿರಿಜಾ ಈಗ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿವೆ. ಬಾಗಿಲಲ್ಲಿ ನನ್ನನ್ನು ನೋಡಿ, ಅಕ್ಕಾ ಎಂದು ಕೈ ಹಿಡಿದು ಒಳಗೆ ಕರೆದಳು. ಚುರುಮುರಿ ಚೂಡಾ ಆಯಿತು, ಚಹಾ ಆಯಿತು, ಮಕ್ಕಳ ಮಾತು, ಮಾವನವರು ತೀರಿಕೊಂಡ ಮಾತು, ನನ್ನ ಮಂಡಿನೋವಿನ ಮಾತು. ಬಂದ ಕೆಲಸಕ್ಕೆ ಬಾಯಿ ಬರಲೇ ಒಲ್ಲದು. ಆಕೆ ಬಟ್ಟಲು ಎತ್ತಲು ಏಳುತ್ತಿದ್ದಾಗ ಹೇಳಿಬಿಟ್ಟೆ.

"ಗಿರಿಜಾ, ನಿನ್ನ ಲೆಕ್ಕ ಖರೇನ ಇತ್ತವಾ. ಹೆಜ್ಜಿ ಅಷ್ಟ ದೊಡ್ಡದಾಗಿತ್ತು. ಮೊನ್ನಿ ಸಣ್ಣದು ಮಾಡಿ ಓಡಿಸಿದೆ. ಬರೊಬ್ಬರಿ ಬಂತು."

ಆಕೆ ಬಟ್ಟಲುಗಳನ್ನು ಹಿಡಿದುಕೊಂಡೇ ಮತ್ತೆ ಕೂತಳು.

"ಗೊತ್ತೈತ್ರಿ ಅಕ್ಕಾ" ಅಂದಳು. "ಅಲ್ಲಿಂದ ಬಂದ ವಾರದಾಗ ಮಾಡಿ ನೋಡಿದ್ದೆ. ಛಲೋ ಬಂದಿತ್ತು."

ಮತ್ತೆ ಯಾಕೆ ಹೋಗಿ ತೋರಿಸಲಿಲ್ಲ ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ಮಾಸ್ತರಿಕೆಯ ಗದರು ಬಂದಿರಬೇಕು, ಆಕೆ ತಲೆ ತಗ್ಗಿಸಿದಳು.

"ಅವರ ಮುಂದ ಮತ್ತ ಒಬ್ಬಾಕಿನ ನಿಂದ್ರಾಕ ಧೈರ್ಯ ಬರಲಿಲ್ರಿ. ಮೊದಲ ನಿಮಗ ತೋರಿಸಿ, ನಿಮ್ಮನ್ನ ಕರಕೊಂಡು ಹೋಗೂಣು ಅಂತ ಮಾಡಿದ್ದೆ. ನಿಮಗ ವರ್ಗ ಆಗಿತ್ತು. ಹೊಸಾ ಊರು, ಗಡಿಬಿಡಿ ಇರ್ತೈತಿ, ನೀವ ಫೋನ್ ಮಾಡ್ತೀರಿ ಅಂತ ದಾರಿ ನೋಡಿದೆ. ಅಷ್ಟರಾಗ ಅವಧಿ ಮುಗಿದು ಹೋತು."

ನೀನು ಮಾಡುತ್ತಿ ಅಂತ ನಾನೂ ದಾರಿ ನೋಡಿದೆ ಎಂದು ಹೇಳಿದೆ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅನ್ನಿಸಿತು. ಜಮಖಂಡಿಗೂ ಮುಧೋಳಕ್ಕೂ ದಿನಕ್ಕೆ ಎಷ್ಟೊಂದು ಬಸ್ಸುಗಳು ಓಡಾಡುತ್ತವೆ. ನನಗೆ ಅಳು ಬಂತು, ಚೂಡಾದ ಖಾರ ಎಂದು ಕಣ್ಣು ಒರೆಸಿಕೊಂಡೆ. ಆಕೆ ನೀರು ತಂದು ಕೊಟ್ಟಳು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಆಕೆ ಕೇಳಿದಳು.

"ಮೊನ್ನಿ ಓಡಿಸಿದಾಗ ಗೆರಿ ನೆಟ್ಟಗ ಇಳೀತಲ್ರಿ, ಆವಾಗ ನಿಮಗ ಏನನಿಸ್ತು?"

ಜೋಕಾಲಿಯ ಮೇಲೆ ಒಬ್ಬಳೇ ಕೂತು ನಕ್ಕೆ ಎಂದೆ.

"ನಾನೂ ನಕ್ಕಿದ್ದೆರಿ" ಅಂದಳು ಗಿರಿಜಾ. "ಮನ್ಯಾಗ ಯಾರಿಗಿ ಹೇಳಿದರೂ ತಿಳೀತಿರಲಿಲ್ಲ. ಹಿತ್ತಲಕ್ಕ ಹೋಗಿ ನಕ್ಕು ಬಂದೆ. ಭಾಳ ಖುಷಿ ಆಗಿತ್ತರಿ ಅಕ್ಕಾ ಅವತ್ತ."